ಮಗ್ ಮೇಲಿನ ಹಸಿರು ತೇಪೆ ತೇಪೆಯಾಗಿ ಬಂದದ್ದೇಕೆ?

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ವಿಜಯನಗರದಲ್ಲಿ ವಾಸವಾಗಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ವಾರದ ದಿನಗಳಲ್ಲಿ ನೆಮ್ಮದಿಯಾಗಿ ಕುಳಿತು ಮಾತನಾಡುವುದಕ್ಕೂ ಬಿಡುವಾಗುವುದಿಲ್ಲ. ಹಾಗಾಗಿ ಮೂರು ತಿಂಗಳಿನಿಂದ ಆಗಾಗ ಭಾನುವಾರ ನಗರದ ಒಂದು ಪಾಟರಿ ಸ್ಟುಡಿಯೊಗೆ ಹೋಗಿ, ಅಲ್ಲಿ ಸಿದ್ಧವಾಗಿ ಸಿಗುವ ಬಿಳಿ ಮಗ್, ತಟ್ಟೆಗಳಿಗೆ ಬಣ್ಣ ಹಚ್ಚುತ್ತಿದ್ದೇವೆ. ಸುಟ್ಟು ಬಂದಾಗ ನನ್ನ ಮಗ್‌ನ ಹಸಿರು ತೇಪೆ ತೇಪೆಯಾಗಿತ್ತು. ಪತ್ನಿಯ ನೀಲಿ ಮಗ್ ಚೆನ್ನಾಗಿ ಬಂದಿದ್ದರೂ ಹಿಡಿಯ ಬಳಿ ಎರಡು ಕಡೆ ಹೊಳಪೇ ಕೂತಿರಲಿಲ್ಲ. ತಳದಲ್ಲಿ ಪೆನ್ಸಿಲಿನಿಂದ ಬರೆದಿದ್ದ ತಾರೀಖು ಮಾಯವಾಗಿತ್ತು. ಪಾಟರಿ ಟೌನ್‌ನಿಂದ ತಂದ ಹೂಕುಂಡಗಳಿಗೆ ಮನೆಯಲ್ಲಿ ಹಚ್ಚಿದ ಅಕ್ರಿಲಿಕ್ ಬಣ್ಣ ಎರಡೇ ತಿಂಗಳಲ್ಲಿ ಸುಲಿದು ಬಂತು. ಇನ್ನೊಂದು ತೊಡಕೆಂದರೆ, ನಾನು ಸ್ಕೇಲು ಹಿಡಿದು ಗೆರೆ ಹಾಕುವವನು, ಅವಳು ಅರ್ಧ ಗಂಟೆಯಲ್ಲಿ ಮುಗಿಸಿ ನನಗಾಗಿ ಕಾಯುತ್ತಾ ಕೂರುವವಳು. ನಮ್ಮ ತಪ್ಪು ಎಲ್ಲಿದೆ? ಈ ಮಗ್‌ಗಳಲ್ಲಿ ಕಾಫಿ ಕುಡಿಯಬಹುದೆ? ಒಂದೇ ತಟ್ಟೆಯನ್ನು ಇಬ್ಬರೂ ಸೇರಿ ಮಾಡುವ ದಾರಿ ಇದೆಯೆ?

ಉತ್ತರ: ನೀವು ಕಳುಹಿಸಿದ ಎರಡು ಮಗ್‌ಗಳ ಚಿತ್ರಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ನಿಮ್ಮ ಹಸಿರಿನಲ್ಲಿ ಕುಂಚ ಎಲ್ಲಿ ಮಗ್ ಮುಟ್ಟಿತು, ಎಲ್ಲಿ ಬಣ್ಣ ಖಾಲಿಯಾಗಿ ಎಳೆದಾಡಿತು, ಎಲ್ಲಿ ಮತ್ತೆ ಅದ್ದಿಕೊಂಡು ಬಂದು ಮುಂದುವರಿಸಿದಿರಿ ಎಂಬುದೆಲ್ಲ ಓದಿ ಹೇಳುವಷ್ಟು ಸ್ಪಷ್ಟವಾಗಿದೆ. ಗೆರೆಗಳೆಲ್ಲ ಒಂದೇ ದಿಕ್ಕಿಗೆ ಓಡಿವೆ, ಬಹುತೇಕ ಕಡೆ ಒಂದೇ ಪದರ ಕೂತಿದೆ. ನೀವು ಬಹಳ ಶ್ರದ್ಧೆಯಿಂದ ಮಾಡಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಕಾಗದದ ಮೇಲೆ ಬಣ್ಣ ಹಚ್ಚುವ ಶ್ರದ್ಧೆಯನ್ನೇ ಮಣ್ಣಿನ ಮೇಲೂ ತೋರಿಸಿದ್ದೀರಿ. ಮಣ್ಣು ಕಾಗದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಾಯಾರಿದ ವಸ್ತು. ಆ ಬಾಯಾರಿಕೆ ಅರ್ಥವಾದರೆ ಹಸಿರಿನ ತೇಪೆಯೂ ಹೋಗುತ್ತದೆ, ನಿಮ್ಮ ಪತ್ನಿ ಕಾಯುತ್ತಾ ಕೂರುವ ಸಮಸ್ಯೆಯೂ ತಕ್ಕಮಟ್ಟಿಗೆ ಬಗೆಹರಿಯುತ್ತದೆ. ಇವೆರಡಕ್ಕೂ ಏನು ಸಂಬಂಧ ಎಂಬುದನ್ನು ಮುಂದೆ ಹೇಳುತ್ತೇನೆ.

ಸ್ಟುಡಿಯೊದಲ್ಲಿ ನಿಮ್ಮ ಕೈಗೆ ಕೊಡುವ ಬಿಳಿ ಮಗ್ ಒಮ್ಮೆ ಸುಟ್ಟು ತೆಗೆದದ್ದು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಈ ಸ್ಥಿತಿಯನ್ನು ಬಿಸ್ಕ್ ಎನ್ನುತ್ತಾರೆ. ಮಣ್ಣು ಗಟ್ಟಿಯಾಗಿರುತ್ತದೆ, ನೀರಿನಲ್ಲಿ ಹಾಕಿದರೆ ಕರಗುವುದಿಲ್ಲ, ಆದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತುಂಬಿರುತ್ತವೆ. ನಾಲಿಗೆಯ ತುದಿಯನ್ನು ತಾಗಿಸಿದರೆ ಅಂಟಿಕೊಂಡಂತಾಗುವುದು ಇದರಿಂದಲೇ. ಇಂಥ ನೂರು ಗ್ರಾಂ ಬಿಸ್ಕ್ ಹತ್ತು ಗ್ರಾಂಗೂ ಹೆಚ್ಚು ನೀರನ್ನು ಕುಡಿಯಬಲ್ಲದು. ನೀವು ಹಚ್ಚುವ ಬಣ್ಣ, ಅಂದರೆ ಅಂಡರ್‌ಗ್ಲೇಜ್, ನುಣ್ಣನೆಯ ಜೇಡಿಮಣ್ಣು ಮತ್ತು ಲೋಹದ ಆಕ್ಸೈಡ್‌ಗಳಿಂದಾದ ಬಣ್ಣದ ಪುಡಿ ನೀರಿನಲ್ಲಿ ತೇಲುತ್ತಿರುವ ಒಂದು ಗಂಜಿ. ಕುಂಚ ಮಗ್‌ಗೆ ತಾಗಿದ ತಕ್ಷಣ ಮಣ್ಣು ಆ ಗಂಜಿಯ ನೀರನ್ನು ಹೀರಿಕೊಳ್ಳುತ್ತದೆ, ಬಣ್ಣದ ಪುಡಿ ತಾಗಿದ ಜಾಗದಲ್ಲೇ ನಿಂತುಬಿಡುತ್ತದೆ. ಜಲವರ್ಣದಂತೆ ಅದನ್ನು ಅತ್ತಿತ್ತ ಎಳೆದು ಸಮ ಮಾಡಲು ಹೋದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ಕಿಲ್ನ್‌ನಿಂದ, ಅಂದರೆ ಪಾತ್ರೆ ಸುಡುವ ಕುಲುಮೆಯಿಂದ, ಬಂದಾಗ ಆ ತೆಳುವಾದ ಜಾಗದಲ್ಲಿ ಅಡಿಯ ಬಿಳುಪು ಇಣುಕುತ್ತದೆ. ಹಚ್ಚುವಾಗ ಎಲ್ಲವೂ ಸುಣ್ಣದಂತೆ ಮಂಕಾಗಿ ಕಾಣುವುದರಿಂದ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮುಂದಿನ ಸಲ ಮೊದಲು ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ ಪಾತ್ರೆಯನ್ನೆಲ್ಲ ಒಮ್ಮೆ ಒರೆಸಿರಿ. ಇದರಿಂದ ಧೂಳು ಹೋಗುತ್ತದೆ, ಮಣ್ಣಿನ ಬಾಯಾರಿಕೆಯೂ ಸ್ವಲ್ಪ ತಣಿಯುತ್ತದೆ. ಮೆತ್ತನೆಯ ಕೂದಲಿನ, ಬಣ್ಣವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವ ಅಗಲ ಕುಂಚವನ್ನು ಆರಿಸಿಕೊಳ್ಳಿ, ಬಿರುಸಾದ ಕುಂಚ ಹಚ್ಚಿದ್ದನ್ನೇ ಕೆರೆದು ತೆಗೆಯುತ್ತದೆ. ಬಣ್ಣದ ಬಟ್ಟಲಿನ ಅಂಚಿಗೆ ಕುಂಚವನ್ನು ಒತ್ತಿ ಒತ್ತಿ ಒರೆಸುವ ಅಭ್ಯಾಸವನ್ನು ಬಿಡಿ. ಕುಂಚ ತುಂಬಿರಬೇಕು, ಬಣ್ಣ ಕುಂಚದಿಂದ ತಾನಾಗಿ ಇಳಿಯಬೇಕು. ಮೊದಲ ಪದರವನ್ನು ಅಡ್ಡಲಾಗಿ ಹಚ್ಚಿದರೆ ಎರಡನೆಯದನ್ನು ಉದ್ದಕ್ಕೆ, ಮೂರನೆಯದನ್ನು ಮತ್ತೆ ಅಡ್ಡಲಾಗಿ ಹಚ್ಚಿರಿ. ಗಟ್ಟಿಯಾದ, ತುಂಬಿದ ಬಣ್ಣ ಬೇಕೆಂದರೆ ಮೂರು ಪದರ ಬೇಕೇ ಬೇಕು. ಒಂದು ಪದರ ಒಣಗಿ, ಅದರ ಒದ್ದೆ ಹೊಳಪು ಪೂರ್ತಿ ಆರಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಬಿಸಿಲಿನ ದಿನಗಳಲ್ಲಿ ಇದಕ್ಕೆ ಐದು ನಿಮಿಷ ಸಾಕಾಗಬಹುದು, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನಮ್ಮ ಬೆಂಗಳೂರಿನ ಹವೆಗೆ ಹದಿನೈದು ನಿಮಿಷವಾದರೂ ತೇವ ಆರುವುದಿಲ್ಲ. ಆ ಹೊತ್ತಿನಲ್ಲಿ ಹೇರ್ ಡ್ರೈಯರ್ ಹಿಡಿದು ಒಣಗಿಸುವವರಿದ್ದಾರೆ. ನೀವು ಅಲ್ಲಿಗೆ ಹೋಗುವುದೇ ಕೂತು ಮಾತನಾಡುವುದಕ್ಕಾಗಿ, ಪದರ ಒಣಗುವ ಹೊತ್ತು ನಿಮ್ಮದೇ ಹೊತ್ತು. ಅದನ್ನು ಯಂತ್ರದ ಕೈಗೆ ಕೊಡಬೇಡಿ ಎಂಬುದು ನನ್ನ ಸಲಹೆ.

ನಿಮ್ಮ ಪತ್ನಿಯ ಮಗ್‌ನ ಹಿಡಿಯ ಬಳಿ ಹೊಳಪು ಕೂರದೆ ಇರುವ ಎರಡು ಜಾಗಗಳನ್ನು ನೋಡಿದಾಗ ನನಗೆ ನಮ್ಮ ಮನೆಯದೇ ಒಂದು ಬಟ್ಟಲು ನೆನಪಾಯಿತು. ಹಲವು ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮವರು ಎಣ್ಣೆಸ್ನಾನ ಮುಗಿಸಿ ಬಂದು, ನಾನು ಅರ್ಧ ಬಣ್ಣ ಹಚ್ಚಿಟ್ಟಿದ್ದ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಜೋಪಾನವಾಗಿ ಮತ್ತೆ ಇಟ್ಟಿದ್ದರು. ಸುಟ್ಟು ತೆಗೆದಾಗ ಅದರ ಹೊಟ್ಟೆಯ ಮೇಲೆ ಒಂದು ಹೆಬ್ಬೆರಳು, ಎದುರು ಮಗ್ಗುಲಲ್ಲಿ ಎರಡು ಬೆರಳು, ಹೀಗೆ ಮೂರು ಬೋಳು ಚುಕ್ಕೆಗಳು ಉಳಿದಿದ್ದವು. ಹತ್ತಿರದಿಂದ ನೋಡಿದರೆ ಗ್ಲೇಜ್, ಅಂದರೆ ಬಣ್ಣದ ಮೇಲೆ ಬಳಿದು ಸುಟ್ಟಾಗ ಕರಗಿ ಗಾಜಿನಂತೆ ಹೊಳೆಯುವ ಲೇಪ, ಆ ಚುಕ್ಕೆಗಳ ಅಂಚಿನಲ್ಲಿ ನೀರಿನ ಹನಿಯಂತೆ ದುಂಡಗೆ ಮುದುರಿಕೊಂಡು ಹಿಂದೆ ಸರಿದು ನಿಂತಿತ್ತು. ಎಣ್ಣೆ ಇದ್ದ ಕಡೆ ಗ್ಲೇಜ್‌ನ ನೀರನ್ನು ಮಣ್ಣು ಹೀರಲಾರದು, ಅಲ್ಲಿ ಗ್ಲೇಜ್‌ಗೆ ಹಿಡಿತ ಸಿಗದೆ ಕರಗುವಾಗ ಹಿಂದೆ ಸರಿಯುತ್ತದೆ. ಕೈಗೆ ಹಚ್ಚಿಕೊಂಡ ಕ್ರೀಮ್, ಸ್ಯಾನಿಟೈಸರ್‌ನ ಅಂಟು, ತಿಂಡಿ ತಿಂದು ಒರೆಸಿಕೊಂಡ ಬೆರಳು, ಇವೆಲ್ಲವೂ ಇದನ್ನೇ ಮಾಡುತ್ತವೆ. ಮಗ್ ಹಿಡಿಯುವುದು ಹಿಡಿಯಲ್ಲೇ ಆದ್ದರಿಂದ ಕಲೆ ಹೆಚ್ಚಾಗಿ ಅಲ್ಲಿಯೇ ಬೀಳುತ್ತದೆ. ಬಣ್ಣ ವಿಪರೀತ ದಪ್ಪವಾದರೂ ಗ್ಲೇಜ್ ಹೀಗೆ ಮುದುರಬಹುದು, ಆದರೆ ನಿಮ್ಮ ಪತ್ನಿಯ ನೀಲಿ ಹದವಾಗಿಯೇ ಕೂತಿರುವುದರಿಂದ ಇದು ಬೆರಳಿನದೇ ಗುರುತು ಎನ್ನಿಸುತ್ತದೆ. ಕುಳಿತುಕೊಳ್ಳುವ ಮುನ್ನ ಸಾಬೂನಿನಿಂದ ಕೈ ತೊಳೆದು, ಮಗ್‌ನ ಒಳಗೆ ಎಡಗೈ ಬೆರಳುಗಳನ್ನು ತೂರಿಸಿ ಹಿಡಿದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.

ಬಣ್ಣಗಳ ಆಯ್ಕೆಯಲ್ಲಿ ನಿಮ್ಮಿಬ್ಬರಿಗೆ ಬೇರೆ ಬೇರೆ ಫಲ ಸಿಕ್ಕಿದ್ದಕ್ಕೂ ಕಾರಣವಿದೆ. ನೀಲಿಯನ್ನು ಕೊಡುವುದು ಕೋಬಾಲ್ಟ್. ಅದು ಬಹಳ ಪ್ರಬಲವಾದ ಬಣ್ಣ, ಚೂರೇ ಇದ್ದರೂ ಸಾಕು, ಕಡಿಮೆ ಶಾಖಕ್ಕೂ ಹೆಚ್ಚು ಶಾಖಕ್ಕೂ ಜಗ್ಗದೆ ನೀಲಿಯಾಗಿಯೇ ಉಳಿಯುತ್ತದೆ. ಚೀನಾದ ನೀಲಿ–ಬಿಳಿ ಪಿಂಗಾಣಿಯಿಂದ ಹಿಡಿದು ಜೈಪುರದ ನೀಲಿ ಪಾತ್ರೆಗಳವರೆಗೆ ಅದೇ ಲೋಹ ಆಳಿದ್ದಕ್ಕೆ ಈ ಗಟ್ಟಿತನವೂ ಒಂದು ಕಾರಣ. ಹಸಿರು ಹಾಗಲ್ಲ. ಕ್ರೋಮಿಯಂನಿಂದ ಬರುವ ಹಸಿರು, ಮೇಲಿನ ಗ್ಲೇಜ್‌ನಲ್ಲಿ ಸತುವಿನ ಅಂಶ ಇದ್ದರೆ ಕಂದಿಗೆ ತಿರುಗುತ್ತದೆ. ಕ್ರೋಮಿಯಂ ಮತ್ತು ತವರ ಕೂಡಿ ಆಗುವ ಗುಲಾಬಿಯಂತೂ ಸತು ಇರುವ ಗ್ಲೇಜ್‌ನ ಅಡಿಯಲ್ಲಿ ಕಳೆಗುಂದಿಬಿಡುತ್ತದೆ. ಕೆಂಪು ಮತ್ತು ಕಿತ್ತಳೆ ಶಾಖಕ್ಕೆ ಹೆದರುವ ಬಣ್ಣಗಳು. ಹೀಗಾಗಿ ಡಬ್ಬಿಯಲ್ಲಿರುವ ಬಣ್ಣವನ್ನು ನೋಡಿ ಆರಿಸದೆ, ಸುಟ್ಟು ಗ್ಲೇಜ್ ಮಾಡಿದ ಮಾದರಿ ಬಿಲ್ಲೆಗಳನ್ನು ತೋರಿಸಿರೆಂದು ಸ್ಟುಡಿಯೊದವರನ್ನು ಕೇಳಿರಿ. ಒಳ್ಳೆಯ ಸ್ಟುಡಿಯೊಗಳು ಅವುಗಳನ್ನು ಗೋಡೆಗೆ ತೂಗುಹಾಕಿರುತ್ತವೆ. ಒಂದು ಪದರ, ಎರಡು ಪದರ, ಮೂರು ಪದರ ಎಂದು ಒಂದೇ ಬಿಲ್ಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಚ್ಚಿಟ್ಟಿದ್ದರೆ ಇನ್ನೂ ಉತ್ತಮ. ಆರಂಭದಲ್ಲಿ ನೀಲಿ, ಕಬ್ಬಿಣದ ಕಂದು ಮತ್ತು ಕಪ್ಪು, ಈ ಮೂರರಲ್ಲೇ ಕೈ ಕುದುರಿಸಿಕೊಳ್ಳಿ.

ಎರಡು ವಾರ ಕಾಯಿಸುತ್ತಾರೆ ಎಂದು ಬೇಸರಿಸುವವರಿಗಾಗಿ ಕಿಲ್ನ್‌ನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ನಿಮ್ಮ ಮಗ್ ಒಂದರ ಸಲುವಾಗಿ ಯಾರೂ ಕಿಲ್ನ್ ಹಚ್ಚುವುದಿಲ್ಲ, ಅದು ತುಂಬಬೇಕು. ಆಮೇಲೆ ಶಾಖ ಏರುವುದಕ್ಕೆ ಎಂಟು ಹತ್ತು ಗಂಟೆ, ಇಳಿಯುವುದಕ್ಕೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮಣ್ಣಿನಲ್ಲಿರುವ ಕ್ವಾರ್ಟ್ಜ್ ಹರಳುಗಳು 573 ಡಿಗ್ರಿಯ ಆಸುಪಾಸಿನಲ್ಲಿ, ಏರುವಾಗ ಒಮ್ಮೆಲೇ ಹಿಗ್ಗುತ್ತವೆ, ಇಳಿಯುವಾಗ ಒಮ್ಮೆಲೇ ಕುಗ್ಗುತ್ತವೆ. ಆಗ ಅವಸರಪಟ್ಟು ಬಾಗಿಲು ತೆರೆದರೆ ಪಾತ್ರೆ ಸೀಳುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯ ಜಾಗದಲ್ಲಿ ಅವಸರದ ಕೈಯನ್ನು ಇಟ್ಟು ನೋಡಿದರೂ ಅರ್ಥ ಕೆಡುವುದಿಲ್ಲ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನ್ನಿಸಿದ ವಿಷಯಕ್ಕೆ ಬರುತ್ತೇನೆ. ನಿಧಾನದ ಕೈ, ಚುರುಕಿನ ಕೈ ಎರಡೂ ಒಂದೇ ಮೇಜಿನಲ್ಲಿರುವುದು ನನ್ನ ದೃಷ್ಟಿಯಲ್ಲಿ ಭಾಗ್ಯ. ನನ್ನಲ್ಲಿಗೆ ಬರುವ ಜೋಡಿಗಳಲ್ಲಿ ಹೆಚ್ಚಿನವರು ಒಂದೇ ತಟ್ಟೆಯನ್ನು ಮಾಡಬೇಕೆಂದಾಗ ಮೊದಲು ಮಾಡುವ ಕೆಲಸವೆಂದರೆ ನಡುವೆ ಗೆರೆ ಎಳೆದು ಈ ಅರ್ಧ ನಿನ್ನದು, ಆ ಅರ್ಧ ನನ್ನದು ಎಂದು ಹಂಚಿಕೊಳ್ಳುವುದು. ಹಾಗೆ ಮಾಡಿದ ತಟ್ಟೆ ಕೊನೆಯವರೆಗೂ ಎರಡು ಅರ್ಧಗಳಾಗಿಯೇ ಉಳಿಯುತ್ತದೆ, ಬೇಗ ಮುಗಿಸಿದವರು ಕಾಯುವುದೂ ತಪ್ಪುವುದಿಲ್ಲ. ಜಾಗವನ್ನು ಹಂಚಿಕೊಳ್ಳದೆ ಪದರಗಳನ್ನು ಹಂಚಿಕೊಳ್ಳಿ. ಹಿನ್ನೆಲೆಯ ಮೂರು ಪದರಗಳು ನಿಮ್ಮ ಪತ್ನಿಯವು, ಏಕೆಂದರೆ ಅಗಲವಾದ ಜಾಗಕ್ಕೆ ತಡವರಿಸದೆ ಓಡುವ ಕೈ ಬೇಕು, ಹೆದರಿ ಹೆದರಿ ಹಚ್ಚಿದ ಹಿನ್ನೆಲೆಯೇ ತೇಪೆಯಾಗುವುದು. ಅವರು ಒಂದು ಪದರ ಮುಗಿಸಿ ಅದು ಆರುವವರೆಗೆ ನೀವು ಕಾಗದದ ಮೇಲೆ ನಿಮ್ಮ ಸ್ಕೇಲು, ಕೈವಾರ ಹಿಡಿದು ವಿನ್ಯಾಸವನ್ನು ಅಳೆಯುತ್ತಿರಬಹುದು. ಮೂರನೆಯ ಪದರ ಆರುವ ಹೊತ್ತಿಗೆ ನಿಮ್ಮ ಸರದಿ, ಆ ಹೊತ್ತಿಗೆ ಅವರಿಗೂ ಕೂತು ನೋಡುವ ಆಸೆ ಬಂದಿರುತ್ತದೆ. ಶರಣ ಪರಂಪರೆಯಲ್ಲಿ ಕುಂಬಾರ ಗುಂಡಯ್ಯನ ಹೆಸರಿನ ಜೊತೆಗೆ ಅವನ ಹೆಂಡತಿ ಕೇತಲದೇವಿಯ ಹೆಸರೂ ವಚನಕಾರ್ತಿಯಾಗಿ ಉಳಿದಿದೆ ಎಂಬುದನ್ನು ನಾನು ಇಂಥ ಜೋಡಿಗಳಿಗೆ ಹೇಳುವುದುಂಟು. ಮಣ್ಣಿನ ಮನೆಗಳಲ್ಲಿ ಗಂಡ ತಿಗರಿಯ ಮುಂದೆ ಕೂತರೆ ಹೆಂಡತಿ ಮಣ್ಣು ಹದ ಮಾಡುವುದು, ಮಡಕೆಯನ್ನು ತಟ್ಟಿ ಒಣಗಿಸುವುದು, ಬಣ್ಣದ ಮಣ್ಣು ಸವರುವುದು, ಹೀಗೆ ಒಂದೇ ಮಡಕೆ ಅನೇಕ ಕೈಗಳನ್ನು ದಾಟಿ ಬರುತ್ತಿತ್ತು. ಅರ್ಧ ಮಡಕೆ ಅವನದು, ಅರ್ಧ ಇವಳದು ಎಂಬ ಲೆಕ್ಕ ಅಲ್ಲಿರಲಿಲ್ಲ.

ನಿಮ್ಮ ಸ್ಟುಡಿಯೊದಲ್ಲಿ ತಿರುಗುವ ಸಣ್ಣ ಮಣೆ ಇದ್ದೇ ಇರುತ್ತದೆ, ಕೇಳಿ ಪಡೆಯಿರಿ. ತಟ್ಟೆಯನ್ನು ಅದರ ನಟ್ಟನಡುವೆ ಇಟ್ಟು ಒಮ್ಮೆ ತಿರುಗಿಸಿ, ಅಂಚು ಓಲಾಡದಂತೆ ಸರಿಪಡಿಸಿಕೊಳ್ಳಿ. ಒಬ್ಬರು ಮಣೆಯನ್ನು ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸಬೇಕು, ಇನ್ನೊಬ್ಬರು ಮೊಣಕೈಯನ್ನು ಮೇಜಿಗೆ ಊರಿ, ಬಣ್ಣ ತುಂಬಿದ ಸಣ್ಣ ಕುಂಚದ ತುದಿಯನ್ನು ಅಂಚಿನಿಂದ ಒಂದು ಬೆರಳಿನಷ್ಟು ಒಳಗೆ ತಾಗಿಸಿ ಅಲುಗಾಡದೆ ಹಿಡಿಯಬೇಕು. ಕುಂಚ ಚಲಿಸುವುದಿಲ್ಲ, ತಟ್ಟೆ ಬಂದು ಕುಂಚವನ್ನು ಸವರಿಕೊಂಡು ಹೋಗುತ್ತದೆ. ಮುಕ್ಕಾಲು ಸುತ್ತು ದಾಟುವಾಗ ಬಣ್ಣ ತೀರುತ್ತಾ ಬರುವುದು ತಿರುಗಿಸುವವರ ಕಣ್ಣಿಗೆ ಮೊದಲು ಕಾಣುತ್ತದೆ, ಹಿಡಿದವರ ಕಣ್ಣು ಕುಂಚದ ತುದಿಯಲ್ಲೇ ನೆಟ್ಟಿರುತ್ತದೆ. ಇವರು ‘ನಿಲ್ಲಿಸಲೇ’ ಎನ್ನುತ್ತಾರೆ, ಅವರು ತಲೆಯೆತ್ತದೆ ‘ಇನ್ನೊಂದು ಚೂರು’ ಎನ್ನುತ್ತಾರೆ. ಕೊನೆಗೆ ಗೆರೆಯ ಬಾಲ ಬಂದು ತಲೆಯನ್ನು ಸೇರಿದಾಗ ಇಬ್ಬರೂ ಹಿಡಿದಿದ್ದ ಉಸಿರನ್ನು ಬಿಡುತ್ತಾರೆ. ಈ ದೃಶ್ಯವನ್ನು ನನ್ನ ಮೇಜಿನ ಎದುರು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ನನಗೆ ಸಂತೋಷವಾಗುತ್ತದೆ. ಇಂಥ ಒಂದು ಉಂಗುರ ಸ್ಕೇಲಿನಿಂದ ಬಾರದು, ಅವಸರದಿಂದಲೂ ಬಾರದು.

ಕೆರೆದು ಚಿತ್ರ ತೆಗೆಯುವ ವಿಧಾನವೂ ಇಬ್ಬರಿಗೆ ಹೇಳಿ ಮಾಡಿಸಿದಂತಿದೆ. ತಟ್ಟೆಯ ತುಂಬ ಕಪ್ಪು ಅಥವಾ ಕಡುನೀಲಿಯನ್ನು ಒಬ್ಬರು ಹಚ್ಚಬೇಕು, ಅದು ಪೂರ್ತಿ ಒಣಗಿ ಪುಡಿಯಾಗುವ ಮುನ್ನ, ಇನ್ನೂ ಕೊಂಚ ತಣ್ಣಗಿರುವಾಗ, ಇನ್ನೊಬ್ಬರು ಬಿದಿರಿನ ಕಡ್ಡಿಯಿಂದಲೋ ಮೊಂಡು ಸೂಜಿಯಿಂದಲೋ ಗೆರೆ ಕೊರೆಯುತ್ತಾ ಅಡಿಯ ಬಿಳುಪನ್ನು ತೆರೆಯಬೇಕು. ಎದ್ದ ಪುಡಿಯನ್ನು ಬಾಯಿಂದ ಊದದೆ ಒಣ ಕುಂಚದಿಂದ ಮೆಲ್ಲಗೆ ಸರಿಸಿರಿ, ಆ ಧೂಳು ಉಸಿರಿನೊಳಗೆ ಹೋಗುವುದು ಒಳ್ಳೆಯದಲ್ಲ. ಮೆಹೆಂದಿ ಕೋನಿನಂಥ ಮೂತಿಯ ಬಾಟಲಿಯಲ್ಲಿ ಗಟ್ಟಿ ಬಣ್ಣ ತುಂಬಿ ಎಳೆ ಎಳೆಯಾಗಿ ಬಿಡುವುದೂ ಇದೆ. ರಂಗೋಲಿ ಹಾಕಿ ಪಳಗಿದ ಕೈಗೆ ಅದು ಒಂದೇ ದಿನದಲ್ಲಿ ಒಗ್ಗುತ್ತದೆ.

ಏನನ್ನು ಬರೆಯಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಮೊಬೈಲಿನಲ್ಲಿ ಕಂಡ ಸಿದ್ಧ ಚಿತ್ರವನ್ನು ನಕಲು ಮಾಡುವ ಬದಲು ನಮ್ಮ ಸುತ್ತಲಿನ ಗೆರೆಗಳನ್ನು ನೋಡಿ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದ ನೇರ ಗೆರೆಗಳು ಕೆಂಪು ಮಣ್ಣಿನ ತಟ್ಟೆಗೆ ಎಷ್ಟು ಚೆನ್ನಾಗಿ ಒಪ್ಪುತ್ತವೆ ಎಂಬುದನ್ನು ಮಾಡಿ ನೋಡಿಯೇ ತಿಳಿಯಬೇಕು. ಕೆಂಪಿನ ಮೇಲೆ ಬಿಳಿ ಗೆರೆ ಎಳೆಯುವುದು ನಮ್ಮ ನೆಲದಲ್ಲಿ ಇಂದಿನದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ, ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ, ಕೆಂಗಂದು ಲೇಪದ ಅಡಿಯಲ್ಲಿ ಬಿಳಿ ಗೆರೆಗಳಿರುವ ಮಡಕೆಯ ಚೂರುಗಳು ಸಿಕ್ಕಿವೆ. ನಿಮಗೆ ಸ್ಕೇಲಿನ ಮೇಲೆ ಪ್ರೀತಿ ಇರುವುದರಿಂದ ಧಾರವಾಡದ ಕಸೂತಿಯ ಮುರ್ಗಿ ಹೊಲಿಗೆಯ ಮೆಟ್ಟಿಲು ಗೆರೆಗಳನ್ನು ಚೌಕದ ಬಿಲ್ಲೆಯ ಮೇಲೆ ಪ್ರಯತ್ನಿಸಬಹುದು. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲು ಹಿಂಜರಿಯಬೇಡಿ, ಅದರ ಗ್ರಾಫೈಟ್ ಕಿಲ್ನ್‌ನಲ್ಲಿ ಸುಟ್ಟು ಹೋಗುತ್ತದೆ. ತಪ್ಪಿದರೆ ರಬ್ಬರಿನಿಂದ ಮಾತ್ರ ಉಜ್ಜಬೇಡಿ, ಒದ್ದೆ ಸ್ಪಂಜಿನಲ್ಲಿ ಒರೆಸಿ ಅಥವಾ ಹಾಗೆಯೇ ಬಿಟ್ಟುಬಿಡಿ.

ಒಂದು ಭಾನುವಾರಕ್ಕೆ ಒಂದು ಪಾತ್ರೆಯನ್ನು ಮುಗಿಸಲೇಬೇಕೆಂಬ ಹಟವೂ ಬೇಡ. ಒಣಗಿದ ಅಂಡರ್‌ಗ್ಲೇಜ್ ಒಂದು ವಾರವಲ್ಲ, ಒಂದು ತಿಂಗಳು ಕಪಾಟಿನಲ್ಲಿದ್ದರೂ ಕೆಡುವುದಿಲ್ಲ, ಧೂಳು ಕೂರದಂತೆ ಮುಚ್ಚಿಟ್ಟರೆ ಸಾಕು. ಹಾಗಾಗಿ ಎರಡು ಭಾನುವಾರಗಳಿಗೆ ಒಂದು ತಟ್ಟೆ ಎಂದು ಇಟ್ಟುಕೊಳ್ಳಿ, ಅರ್ಧವಾದುದನ್ನು ಇಟ್ಟುಕೊಳ್ಳುವಿರಾ ಎಂದು ಸ್ಟುಡಿಯೊದವರನ್ನು ಮೊದಲೇ ಕೇಳಿರಿ. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಮೊದಲ ಭಾನುವಾರ ಬೆಳಿಗ್ಗೆ ಅಲ್ಲಿ ಒಂದು ಗಂಟೆ ಸುತ್ತಾಡಿ, ಕಿತ್ತದ್ದಲ್ಲ, ಆಗತಾನೆ ಉದುರಿ ಇನ್ನೂ ಮೆತ್ತಗಿರುವ ಎಲೆಗಳನ್ನು ನಾಲ್ಕೈದು ಆರಿಸಿ ತನ್ನಿ. ಅರಳಿ ಎಲೆಯ ನೀಳ ತುದಿ ತಟ್ಟೆಯ ಅಂಚಿಗೆ ಬಹಳ ಚೆನ್ನ. ಎಲೆಯನ್ನು ನೀರಿನಲ್ಲಿ ಅದ್ದಿ ತಟ್ಟೆಗೆ ಅಂಟಿಸಿ ಒಬ್ಬರು ಬೆರಳ ತುದಿಯಲ್ಲಿ ಒತ್ತಿ ಹಿಡಿದರೆ, ಇನ್ನೊಬ್ಬರು ಸ್ಪಂಜಿನ ಚೂರಿನಿಂದ ಸುತ್ತಲೂ ಬಣ್ಣವನ್ನು ತಟ್ಟಬಹುದು. ಎಲೆ ತೆಗೆದಾಗ ಅದರ ಬಿಳಿ ನೆರಳು ಉಳಿಯುತ್ತದೆ, ಅದರೊಳಗೆ ನರಗಳನ್ನು ತೆಳು ಕುಂಚದಿಂದ ಎಳೆಯುವ ಕೆಲಸವನ್ನು ಎರಡನೆಯ ಭಾನುವಾರಕ್ಕೆ ಇಟ್ಟುಕೊಳ್ಳಿ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಟಬೆಬುಯಾ ಮರಗಳು ಗುಲಾಬಿಯಾದಾಗ ಆ ಬಣ್ಣವನ್ನೇ ತರಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ. ಆಗ ಮೇಲೆ ಹೇಳಿದ ಸತುವಿನ ಮಾತನ್ನು ನೆನಪಿಟ್ಟುಕೊಂಡು ಮಾದರಿ ಬಿಲ್ಲೆಯನ್ನು ನೋಡಿಯೇ ಮುಂದುವರಿಯಿರಿ.

ಕಾಫಿ ಕುಡಿಯಬಹುದೆ ಎಂಬ ಪ್ರಶ್ನೆಗೆ ಚಿತ್ರ ನೋಡಿ ಉತ್ತರಿಸಲಾಗದು, ಸ್ಟುಡಿಯೊದವರಿಂದ ಮೂರು ವಿಷಯಗಳನ್ನು ತಿಳಿದುಕೊಳ್ಳಬೇಕು: ಮೇಲಿನ ಪಾರದರ್ಶಕ ಗ್ಲೇಜ್ ಸೀಸರಹಿತವೇ, ಊಟದ ಪಾತ್ರೆಗಳಿಗೆಂದೇ ತಯಾರಾದುದೇ, ಅದನ್ನು ತಯಾರಕರು ಹೇಳಿದ ಶಾಖದಲ್ಲೇ ಸುಟ್ಟಿದ್ದಾರೆಯೇ. ಮೂರಕ್ಕೂ ಹೌದೆಂಬ ಉತ್ತರ ಬಂದು, ಒಳಮೈ ಮತ್ತು ತುಟಿ ತಾಗುವ ಅಂಚು ಗಾಜಿನಂತೆ ನುಣುಪಾಗಿ ಮುಚ್ಚಿದ್ದರೆ ಧಾರಾಳವಾಗಿ ಕುಡಿಯಿರಿ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೆಂದರೆ ನಿಂಬೆಹೋಳನ್ನು ಗ್ಲೇಜ್‌ನ ಮೇಲೆ ರಾತ್ರಿಯಿಡೀ ಬೋರಲಾಗಿ ಇಡುವುದು. ಬೆಳಿಗ್ಗೆ ಆ ಜಾಗದ ಬಣ್ಣ ಮಾಸಿದ್ದರೆ ಅಥವಾ ಹೊಳಪು ಕಳೆದಿದ್ದರೆ ಆ ಪಾತ್ರೆ ಊಟಕ್ಕೆ ಬೇಡ. ಆದರೆ ಬಣ್ಣ ಮಾಸದಿದ್ದ ಮಾತ್ರಕ್ಕೆ ಸೀಸ ಇಲ್ಲವೆಂದು ಅರ್ಥವಲ್ಲ, ಆದ್ದರಿಂದ ಈ ಪರೀಕ್ಷೆ ಮೊದಲಿನ ಮೂರು ಪ್ರಶ್ನೆಗಳ ಬದಲಿಗೆ ಅಲ್ಲ. ನಮ್ಮ ಅಡುಗೆಯಲ್ಲಿ ಹುಣಸೆ, ನಿಂಬೆ, ಟೊಮೆಟೊ ಹೆಚ್ಚಾಗಿರುವುದರಿಂದ ಸಾರು, ಗೊಜ್ಜು, ಉಪ್ಪಿನಕಾಯಿ ಹಾಕುವ ಬಟ್ಟಲುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರವಿರಲಿ. ನಿಮ್ಮ ಪತ್ನಿಯ ಮಗ್‌ನ ಬೋಳು ಚುಕ್ಕೆಗಳು ಹೊರಗಿವೆ, ಕುಡಿಯುವುದಕ್ಕೆ ಅಡ್ಡಿಯಿಲ್ಲ, ತೊಳೆದ ಮೇಲೆ ಅಲ್ಲಿ ನೀರು ಒಳಸೇರುವುದರಿಂದ ಚೆನ್ನಾಗಿ ಒಣಗಿಸಿಡಬೇಕಷ್ಟೆ. ಗ್ಲೇಜ್‌ನಲ್ಲಿ ಕೂದಲೆಳೆಯ ಬಿರುಕುಗಳ ಜಾಲ ಕಾಣಿಸಿಕೊಂಡರೆ, ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದೆ ಎಂದರ್ಥ. ಕಾಫಿಯ ಕಲೆ ಆ ಬಿರುಕುಗಳಲ್ಲಿ ಇಳಿದು ನಿಲ್ಲುತ್ತದೆ, ಮೈಕ್ರೊವೇವ್‌ನಲ್ಲಿ ಇಟ್ಟರೆ ಒಳಗಿನ ನೀರು ಕಾಯ್ದು ಹಿಡಿ ಕೈ ಸುಡುತ್ತದೆ. ಅಂಥದ್ದನ್ನು ಪೆನ್ನು ಇಡುವುದಕ್ಕೆ ಬಳಸಿರಿ.

ಹೂಕುಂಡಗಳ ಮೇಲಿನ ಅಕ್ರಿಲಿಕ್ ಸುಲಿದದ್ದರಲ್ಲಿ ಬಣ್ಣದ ತಪ್ಪೂ ಇಲ್ಲ, ಕುಂಬಾರರ ತಪ್ಪೂ ಇಲ್ಲ. ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಹತ್ತಿರದ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ಮಣ್ಣಿನ ಕೆಲಸ ನಡೆದಿದೆ, ನಮ್ಮ ಮೆಟ್ರೊದ ಗುಲಾಬಿ ಮಾರ್ಗದ ಒಂದು ಸುರಂಗ ನಿಲ್ದಾಣಕ್ಕೂ ಆ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿನ ಕುಂಡಗಳು ಉಸಿರಾಡಲೆಂದೇ ಇರುವ ಮಣ್ಣಿನವು. ಗಿಡಕ್ಕೆ ಹಾಕಿದ ನೀರು ಗೋಡೆಯ ಮೂಲಕ ಹೊರಗೆ ಬರುತ್ತದೆ, ಬರುವಾಗ ಉಪ್ಪಿನಂಶವನ್ನೂ ಹೊತ್ತು ತರುತ್ತದೆ. ಹೊರಗೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಪೊರೆ ಅಡ್ಡ ನಿಂತಾಗ ಆ ನೀರು ಪೊರೆಯನ್ನು ಗುಳ್ಳೆಯೆಬ್ಬಿಸಿ ದೂಡುತ್ತದೆ. ಒಂದೋ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಅದನ್ನು ಬಣ್ಣದ ಕುಂಡದೊಳಗೆ ಇಳಿಸಿರಿ, ಇಲ್ಲವೇ ಮಣ್ಣಿನ ಉಸಿರು ಕಟ್ಟದ ಸುಣ್ಣ ಮತ್ತು ಕೆಮ್ಮಣ್ಣಿನಲ್ಲೇ ಚಿತ್ತಾರ ಬರೆಯಿರಿ. ಮಾಸಿದಾಗ ದೀಪಾವಳಿಗೊಮ್ಮೆ ಮತ್ತೆ ಬರೆದರಾಯಿತು. ಅಕ್ರಿಲಿಕ್ ಹಚ್ಚಿದ ಯಾವುದನ್ನೂ ತಿನ್ನುವುದಕ್ಕೆ, ಕುಡಿಯುವುದಕ್ಕೆ ಬಳಸಬಾರದು, ಹಣತೆಗಳಿಗೆ ಹಚ್ಚುವುದಾದರೆ ಬತ್ತಿಯ ಮೂತಿಯನ್ನು ಬಿಟ್ಟು ಹಚ್ಚಬೇಕು. ಈ ಕುಂಡಗಳನ್ನೇ ಸ್ಟುಡಿಯೊಗೆ ಕೊಂಡೊಯ್ದು ಗ್ಲೇಜ್ ಮಾಡಿಸೋಣವೆಂದು ನಿಮಗೆ ತೋರಬಹುದು, ಅವರು ಬೇಡವೆಂದರೆ ಬೇಸರಿಸಬೇಡಿ. ಕಡಿಮೆ ಶಾಖದಲ್ಲಿ ಬೆಂದ ಆ ಮಣ್ಣಿಗೂ ಅವರ ಗ್ಲೇಜ್‌ಗೂ ಹೊಂದಿಕೆಯಾಗದೆ ಕಿಲ್ನ್‌ನಲ್ಲಿದ್ದ ಬೇರೆಯವರ ಪಾತ್ರೆಗಳೂ ಹಾಳಾಗುವ ಸಂಭವವಿದೆ.

ತಳದ ತಾರೀಖು ಮಾಯವಾದದ್ದು ಏಕೆಂಬುದು ಈಗ ನಿಮಗೇ ಹೊಳೆದಿರಬಹುದು. ಪೆನ್ಸಿಲಿನದು ಸುಟ್ಟು ಹೋಯಿತು. ಮುಂದಿನ ತಟ್ಟೆಯ ತಳದಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನೂ ತಾರೀಖನ್ನೂ ಕಪ್ಪು ಅಂಡರ್‌ಗ್ಲೇಜ್‌ನಲ್ಲಿ, ತೀರಾ ತೆಳು ಕುಂಚದಿಂದ ಬರೆಯಿರಿ, ತಳದಲ್ಲಿ ಉಂಗುರದಂತೆ ಉಬ್ಬಿರುವ ಅಂಚು ಮೇಜಿಗೆ ತಾಗುವ ಭಾಗವನ್ನು ಮಾತ್ರ ಬಣ್ಣವಿಲ್ಲದೆ ಬಿಡಿ. ತಟ್ಟೆ ಮನೆಗೆ ಬಂದ ಮೇಲೆ ಆ ಅಂಚನ್ನು ನೀರು ತಾಗಿಸಿದ ನುಣುಪು ಎಮರಿ ಕಾಗದದಿಂದ ಒಂದೆರಡು ನಿಮಿಷ ಉಜ್ಜಿದರೆ ಊಟದ ಮೇಜಿಗೆ ಗೀರು ಬೀಳುವುದಿಲ್ಲ.